ಆ ಕರಕರ ಸದ್ದನ್ನು ತೆಗೆಯಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಸಂಚಿಕೆಯಲ್ಲಿ ಡೊಂಬಿವಲಿಯ ಓದುಗರೊಬ್ಬರ ಪತ್ರ ಬಂದಿತ್ತು. ಮಗ ತಂದುಕೊಟ್ಟ ಒಂದು ಸಿ.ಡಿ. ಬಗ್ಗೆ ಅವರ ದೂರು. ಆಸ್ಟ್ರಿಯಾದ ಸಂಗೀತ ರಚನಕಾರ ಹೈಡನ್ 1781ರಲ್ಲಿ ಬರೆದ ಆರು ಕ್ವಾರ್ಟೆಟ್‌ಗಳು ಅದರಲ್ಲಿವೆ. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲಾ, ಕೂತು ನುಡಿಸುವ ಇನ್ನೂ ದೊಡ್ಡ ಒಂದು ಚೆಲ್ಲೋ, ಇಷ್ಟೇ ಸೇರಿ ನುಡಿಸುವ ಸಂಗೀತ. ಹಳೆಯ ಕಾಲದ ವಾದ್ಯಗಳಲ್ಲಿ ನುಡಿಸಿದ್ದು ಅಂತ ಹೊದಿಕೆಯ ಮೇಲೆ ಬರೆದಿದೆಯಂತೆ. ಆದರೆ ಶ್ರುತಿ ಇಳಿದಿದೆ, ಕಮಾನು ತಂತಿಗೆ ಉಜ್ಜುವ ಕರಕರ ಕೇಳಿಸುತ್ತದೆ, ನಡುವೆ ಯಾರೋ ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ, ಸ್ವರಗಳು ಬೋಳುಬೋಳಾಗಿವೆ ಎಂದು ಅವರು ಬರೆದಿದ್ದಾರೆ. ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ಸರಿಮಾಡಬಹುದಾದ್ದನ್ನು ಹಾಗೇ ಬಿಟ್ಟು ಮಾರುವುದು ಯಾಕೆ ಎಂಬುದು ಅವರ ಪ್ರಶ್ನೆ.

ಆ ಓದುಗರ ಕಿವಿ ತುಂಬಾ ಚೆನ್ನಾಗಿದೆ. ಅವರು ಕೇಳಿದ್ದೆಲ್ಲ ಆ ರೆಕಾರ್ಡಿಂಗಿನಲ್ಲಿ ನಿಜವಾಗಿ ಇರುವುದೇ. ಆದರೆ ಅದನ್ನು ಸರಿಮಾಡಬೇಕು ಅನ್ನುವ ಮಾತು ಓದಿ ಎರಡು ದಿನ ನನಗೆ ಸಮಾಧಾನ ಇರಲಿಲ್ಲ. ಯಾಕೆಂದರೆ ಹಾಗೆ ಸರಿಮಾಡಿದರೆ ಏನಾಗುತ್ತದೆ ಅನ್ನುವುದನ್ನು ನಾನು ನೋಡಿದ್ದೇನೆ.

ನಾನು ಧಾರವಾಡದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಮುಂಬೈಗೆ ಬಂದವಳು. 1992ರಲ್ಲಿ ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಕೇಬಲ್ ಸುತ್ತುವ ಕೆಲಸದಿಂದ ಶುರುಮಾಡಿ ಸೌಂಡ್ ರೆಕಾರ್ಡಿಸ್ಟ್ ಆದೆ. ಆಗಿನ್ನೂ ಸಿನಿಮಾ ಹಾಡಿಗೆ ಗೋವಾದ ಹಿರಿಯ ಪಿಟೀಲು ವಾದಕರು ಸಾಲಾಗಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಊರಿನ ಇಗರ್ಜಿ ಶಾಲೆಯಲ್ಲಿ ಸ್ವರ ಓದಲು ಕಲಿತವರು. ಕಾಗದ ನೋಡಿದರೆ ಸಾಕು, ಮೊದಲ ಸಲಕ್ಕೇ ಸರಿಯಾಗಿ ನುಡಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಕೀಬೋರ್ಡ್ ಬಂತು, ಆ ಕುರ್ಚಿಗಳು ಖಾಲಿಯಾದವು. ಮೈಕನ್ನು ಎಲ್ಲಿಡಬೇಕು ಅಂತ ನನಗೆ ಕಲಿಸಿದವರು ಅವರೇ. ಒಬ್ಬರು ನನ್ನ ಕೈ ಹಿಡಿದು ಪಿಟೀಲಿನ ಸುತ್ತ ಒಂದು ಸುತ್ತು ನಡೆಸಿದ್ದರು. "ಎಲ್ಲಿ ನಿಂತರೆ ನಿನಗೆ ಚೆನ್ನಾಗಿ ಕೇಳುತ್ತದೆ? ಅಲ್ಲೇ ಇಡು" ಅಂದಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ನನಗೊಂದು ಕೆಲಸ ಬಂತು. ಹೊರದೇಶದ ನಾಲ್ವರು ವಾದಕರು ಗೋವಾಕ್ಕೆ ಬಂದಿದ್ದರು. ನರದ ತಂತಿ, ಅಂದರೆ ಕುರಿಯ ಕರುಳಿನ ತಂತಿ, ಹಾಕಿದ ವಾದ್ಯಗಳಲ್ಲಿ ಹೈಡನ್ ನುಡಿಸಬೇಕು, ರೆಕಾರ್ಡ್ ಆಗಬೇಕು. ಅವರು ಆರಿಸಿಕೊಂಡಿದ್ದು ಇದೇ 1781ರ ಆರರಲ್ಲಿ ಎರಡನ್ನು. ಅದಕ್ಕೇ ಆ ಓದುಗರ ಪತ್ರ ನೋಡಿದಾಗ ನನಗೆ ಸುಮ್ನೆ ಇರಲು ಆಗಲಿಲ್ಲ.

ಹಳೆಯ ವಾದ್ಯ ಅಂದರೆ ಏನು ಅಂತ ಮೊದಲು ಹೇಳಬೇಕು. ವಾದ್ಯಕ್ಕೆ ಇನ್ನೂರು ವರ್ಷ ಆಗಿದ್ದರೆ ಅದು ಹಳೆಯ ವಾದ್ಯ ಅಂತಲ್ಲ. ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡರು. ಅವರು ಮಾಡಿದ ಪಿಟೀಲುಗಳು ಕೋಟಿಗಟ್ಟಲೆ ಬೆಲೆ ಬಾಳುತ್ತವೆ, ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಇವತ್ತು ಅವರು ಮಾಡಿದ ಹಾಗೆ ಇಲ್ಲ. 19ನೇ ಶತಮಾನದಲ್ಲಿ ದೊಡ್ಡ ದೊಡ್ಡ ಹಾಲ್‌ಗಳು ಬಂದವು. ಕೊನೆಯ ಸಾಲಿಗೂ ಕೇಳಿಸಬೇಕಲ್ಲ. ಪಿಟೀಲಿನ ಕತ್ತು ಬಿಚ್ಚಿ ಉದ್ದ ಮಾಡಿದರು, ಹಿಂದಕ್ಕೆ ಬಾಗಿಸಿದರು, ಒಳಗಿನ ಮರದ ಪಟ್ಟಿ ತೆಗೆದು ದಪ್ಪದ್ದು ಹಾಕಿದರು, ತಂತಿಯನ್ನು ಜಾಸ್ತಿ ಬಿಗಿದರು. ಗದ್ದ ಊರುವ ಪಟ್ಟಿ 1820ರ ಸುಮಾರಿಗೆ ಬಂತು. ಉಕ್ಕಿನ ತಂತಿ 20ನೇ ಶತಮಾನದಲ್ಲಿ ರೂಢಿಗೆ ಬಂತು. ಅದಕ್ಕೆ ಮೊದಲು ಕುರಿಯ ಕರುಳನ್ನು ಹೊಸೆದು ಮಾಡಿದ ತಂತಿಯೇ. ದಪ್ಪ ತಂತಿಗೆ ಮಾತ್ರ ಮೇಲೆ ಲೋಹದ ಎಳೆ ಸುತ್ತುತ್ತಿದ್ದರು. ಕಮಾನು ಕೂಡ ಬೇರೆ. ಈಗಿನ ಕಮಾನಿನ ಆಕಾರ 1780ರ ದಶಕದಲ್ಲಿ ಪ್ಯಾರಿಸ್ಸಿನ ತೂರ್ತ್ ಅನ್ನುವವರ ಕೈಯಲ್ಲಿ ರೂಪುಗೊಂಡಿದ್ದು. ಅದಕ್ಕಿಂತ ಹಿಂದಿನದು ಹಗುರ. ಅದರಲ್ಲಿ ಸ್ವರ ತಾನಾಗೇ ಹುಟ್ಟಿ, ಉಬ್ಬಿ, ಕರಗುತ್ತದೆ. ಈಗಿನದರ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗಾತ್ರದಲ್ಲಿ ಎಳೆಯಲು ಬರುವುದಿಲ್ಲ.

ನಮಗೆ ಇದು ಹೊಸ ಕಥೆಯೇನಲ್ಲ. ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡಿದ್ದು ಯಾಕೆ? ಮೈಕ್ ಇಲ್ಲದ ಸಭೆಯಲ್ಲಿ ಹಿಂದೆ ಕೂತವರಿಗೂ ಕೇಳಿಸಲಿ ಅಂತ. ಕೇಳುವ ಜಾಗ ಬದಲಾದರೆ ವಾದ್ಯವೂ ಬದಲಾಗುತ್ತದೆ. ಹೈಡನ್ ಕಾಲದ ಜಾಗ ಯಾವುದು? ಮನೆಯ ಕೋಣೆ. ಈ ಕ್ವಾರ್ಟೆಟ್‌ಗಳಲ್ಲಿ ಕೆಲವನ್ನು 1781ರ ಕ್ರಿಸ್‌ಮಸ್ ದಿನ ವಿಯೆನ್ನಾದಲ್ಲಿ ರಷ್ಯಾದ ಯುವರಾಣಿ ಇಳಿದುಕೊಂಡಿದ್ದ ಬಿಡಾರದಲ್ಲಿ ನುಡಿಸಿದ್ದರು. ನಮ್ಮ ಬೈಠಕ್ ಇದ್ದ ಹಾಗೆ. ಇಪ್ಪತ್ತು ಮೂವತ್ತು ಜನ, ಕೈಗೆಟುಕುವಷ್ಟು ಹತ್ತಿರ ವಾದ್ಯ.

ಅದಕ್ಕೇ ಆ ನಾಲ್ವರು ಸ್ಟುಡಿಯೋ ಬೇಡ ಅಂದರು. ಮಡಗಾಂವ್‌ನಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ಹಳೆಯ ಮನೆ ಸಿಕ್ಕಿತು. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ತಾರಸಿ, ಕಿಟಕಿಗೆ ಗಾಜಿನ ಬದಲು ಸಿಂಪಿಯ ತೆಳು ಬಿಲ್ಲೆಗಳು. ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದೆ. ಸದ್ದು ಎದ್ದು, ತಾರಸಿಗೆ ತಾಗಿ, ಒಂದು ಗಳಿಗೆ ನಿಂತು, ಮೆತ್ತಗೆ ಹೋಯಿತು. ಸಿಮೆಂಟು ಮನೆಯಲ್ಲಿ ಬರುವ ಟಣ್ ಅನ್ನುವ ಸದ್ದು ಇಲ್ಲ. ಇದೇ ಜಾಗ ಅಂತ ಅಲ್ಲೇ ಹೇಳಿಬಿಟ್ಟೆ.

ಹಗಲು ರೆಕಾರ್ಡಿಂಗ್ ಸಾಧ್ಯವೇ ಇರಲಿಲ್ಲ. ಕಾಗೆ, ಬೈಕು, ಇಗರ್ಜಿಯ ಗಂಟೆ. ರಾತ್ರಿ ಹತ್ತರಿಂದ ಮೂರರವರೆಗೆ ಕೆಲಸ, ನಾಲ್ಕು ರಾತ್ರಿ. ಬೆಳಗಿನ ಜಾವ ಸೈಕಲ್ ಮೇಲೆ ಪಾವ್ ಮಾರುವವನು ಪೋಂ ಪೋಂ ಅಂತ ಹಾರ್ನ್ ಒತ್ತಿಕೊಂಡು ಬರುವ ಹೊತ್ತಿಗೆ ನಾವು ಕೇಬಲ್ ಸುತ್ತಿಡುತ್ತಿದ್ದೆವು. ಫ್ರಿಜ್ ಬಂದ್, ಫ್ಯಾನ್ ಬಂದ್, ಇನ್ವರ್ಟರ್ ಬಂದ್. ಎಸಿ ಹಾಕಿದರೆ ಸದ್ದು ಒಂದು ಕಷ್ಟ, ನರದ ತಂತಿ ಒಣಗುವುದು ಇನ್ನೊಂದು ಕಷ್ಟ. ಹಾಕದಿದ್ದರೆ ಸಮುದ್ರದ ಕಡೆಯ ತೇವ. ಮೀಟರು ಶೇಕಡಾ 80ರ ಹತ್ತಿರ ತೋರಿಸುತ್ತಿತ್ತು. ಕರುಳು ತೇವ ಹೀರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಆರು ನಿಮಿಷ ನುಡಿಸುವುದು, ಮತ್ತೆ ಶ್ರುತಿ. ಎರಡನೇ ರಾತ್ರಿ ಮೊದಲ ಪಿಟೀಲಿನ ಮೇಲಿನ ತಂತಿ ಎರಡು ಸಲ ಹರಿಯಿತು. ಹೊಸ ತಂತಿ ಹಾಕಿದರೆ ಅದು ಎಳೆದುಕೊಂಡು ನಿಲ್ಲುವವರೆಗೆ ಕಾಯಬೇಕು. ಯಾರೂ ಮುಖ ಗಂಟು ಹಾಕಲಿಲ್ಲ. ಚಹಾ ಕುಡಿದು ಕಾದೆವು.

ಅಲ್ಲಿ ರಾತ್ರಿ ಕಾವಲಿಗಿದ್ದವನು ಹಾವೇರಿ ಕಡೆಯ ಹುಡುಗ. ನನ್ನ ಫೋನ್ ಮಾತು ಕೇಳಿ ಕನ್ನಡದವಳು ಅಂತ ಗೊತ್ತು ಮಾಡಿಕೊಂಡು ಅಕ್ಕಾರ, ಅಕ್ಕಾರ ಅಂತ ಹತ್ತಿರ ಬಂದ. ಚೆಲ್ಲೋದ ಒಂದು ಕೆಳಗಿನ ಸ್ವರಕ್ಕೆ ಕಿಟಕಿಯ ಒಂದು ಸಿಂಪಿ ಬಿಲ್ಲೆ ಝರ್ರ್ ಅಂತ ಅದುರುತ್ತಿತ್ತು. ಆ ಒಂದೇ ಸ್ವರಕ್ಕೆ. ಯಾವ ಬಿಲ್ಲೆ ಅಂತ ಹುಡುಕಿದ್ದು ಅವನೇ. ಚೆಲ್ಲೋದವರಿಗೆ ಆ ಸ್ವರ ಎಳೆಯುತ್ತಲೇ ಇರಲು ಸನ್ನೆ ಮಾಡಿ, ಕಿಟಕಿಗೆ ಕಿವಿ ಹಚ್ಚಿಕೊಂಡು ಒಂದೊಂದೇ ಬಿಲ್ಲೆ ಮುಟ್ಟುತ್ತಾ ಹೋದ. ಸಿಕ್ಕಿದ ಮೇಲೆ ಪೇಪರ್ ಮಡಚಿ ಸಂದಿಗೆ ತುರುಕಿದ.

ಮೊದಲ ರಾತ್ರಿ ಮೂರು ಗಂಟೆಗೆ ಅವನಿಗೆ ಹೆಡ್‌ಫೋನ್ ಹಾಕಿ ಚೆಲ್ಲೋ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ, "ಅಕ್ಕಾರ, ಇದು ಚೌಡಕಿ ದನಿ ಇದ್ಧಂಗ ಐತಲ್ರಿ. ನರದ್ದು ಏನ್ರಿ ಇದು?" ಅಂದ. ಹೌದಪಾ, ಕುರಿ ಕರುಳಿನದು ಅಂದೆ. "ಅದಕ್ಕ ಮತ್ತ" ಅಂತ ಹೆಡ್‌ಫೋನ್ ತೆಗೆದುಕೊಟ್ಟ.

ನನಗೆ ರೋಮಾಂಚನವಾಯಿತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಚೌಡಕಿ ಗೊತ್ತು. ಜೋಗಮ್ಮನವರು ಕಂಕುಳಲ್ಲಿ ಇಟ್ಟುಕೊಂಡು ಮೀಟುವ, ಒಂದೇ ನರದ ವಾದ್ಯ. ಅವನಿಗೆ ಹೈಡನ್ ಯಾರು ಅಂತ ಗೊತ್ತಿಲ್ಲ. ಆದರೆ ನರ ಮಾತಾಡುವ ರೀತಿ ಅವನ ಕಿವಿಗೆ ಹುಟ್ಟಿನಿಂದ ಗೊತ್ತು. ಸಾರಂಗಿ ಕೇಳಿದವರಿಗೂ ಗೊತ್ತು, ಅದರ ಮುಖ್ಯ ತಂತಿಗಳೂ ಕರುಳಿನವೇ. ಉಕ್ಕಿನ ತಂತಿಯಲ್ಲಿ ಸ್ವರ ಒಮ್ಮೆಲೇ ಹೊಳೆಯುತ್ತದೆ. ನರದಲ್ಲಿ ಮೊದಲು ಒಂದು ಹಿಡಿತ, ಆಮೇಲೆ ಸ್ವರ. ಆ ಹಿಡಿತವೇ ಡೊಂಬಿವಲಿಯ ಓದುಗರಿಗೆ ಕೇಳಿಸಿದ ಕರಕರ.

ಇದನ್ನು ಕನ್ನಡದಲ್ಲಿ ಹೇಳುವುದು ಸುಲಭ. ಅಕ್ಕ, ಹತ್ತಿ, ಬೆಟ್ಟ ಅನ್ನುವಾಗ ನಾಲಿಗೆ ಒಂದು ಕ್ಷಣ ತಡೆದು ಬಿಡುತ್ತದಲ್ವಾ? ಹಾಗೆ ತಡೆದು ಬಿಡುವುದರಲ್ಲಿ ಸ್ವರವೇ ಇಲ್ಲ. ಬರೀ ಸದ್ದು. ಅದನ್ನು ಗದ್ದಲ ಅಂತ ತೆಗೆದುಹಾಕಿದರೆ ಅಕ್ಕ ಹೋಗಿ ಅಅ ಆಗುತ್ತದೆ. ಮಾತು ಹೋಗಿ ಬರೀ ಊಳು ಉಳಿಯುತ್ತದೆ. ಹೈಡನ್ ಕಾಲದ ವಾದನ ಹಾಡುವುದಕ್ಕಿಂತ ಜಾಸ್ತಿ ಮಾತಾಡುತ್ತದೆ. ನಾಲ್ಕು ಜನ ಹರಟೆಗೆ ಕೂತ ಹಾಗೆ. ಒಬ್ಬರು ಶುರುಮಾಡಿದ ಮಾತನ್ನು ಇನ್ನೊಬ್ಬರು ಮುಗಿಸುತ್ತಾರೆ. ಅದರ ಒತ್ತಕ್ಷರ ಕಿತ್ತರೆ ಏನು ಉಳಿಯುತ್ತದೆ?

ಉಸಿರಿನ ಮಾತೂ ಅಷ್ಟೆ. ನಾಲ್ವರ ಮುಂದೆ ನಿಂತು ತಾಳ ತೋರಿಸಲು ಕೋಲು ಆಡಿಸುವವರು ಯಾರೂ ಇರುವುದಿಲ್ಲ. ಮೊದಲ ಪಿಟೀಲಿನವರು ಉಸಿರೆಳೆದುಕೊಂಡ ರೀತಿಯಲ್ಲೇ ಮುಂದಿನ ಸ್ವರ ಎಷ್ಟು ಬೇಗ, ಎಷ್ಟು ಜೋರು ಅನ್ನುವುದು ಉಳಿದ ಮೂವರಿಗೆ ತಿಳಿಯುತ್ತದೆ. ನಮ್ಮಲ್ಲಿ ತಬಲಾದವರು ಗಾಯಕರ ಮುಖ ನೋಡುವ ಹಾಗೆ.

ಸ್ವರ ಬೋಳಾಗಿದೆ ಅಂದಿದ್ದಾರೆ. ಈಗಿನ ಪಿಟೀಲಿನಲ್ಲಿ ಹೆಚ್ಚು ಕಡಿಮೆ ಪ್ರತಿ ಸ್ವರದ ಮೇಲೂ ಬೆರಳು ನಡುಗಿಸುತ್ತಾರೆ. ಆಗ ಅದನ್ನು ಒಡವೆಯ ಹಾಗೆ, ಬೇಕಾದ ಕಡೆ ಮಾತ್ರ ಇಡುತ್ತಿದ್ದರು. ಮೊಜಾರ್ಟ್‌ನ ತಂದೆ ಲಿಯೋಪೋಲ್ಡ್ 1756ರಲ್ಲಿ ಪಿಟೀಲು ಪಾಠದ ಒಂದು ಪುಸ್ತಕ ಪ್ರಕಟಿಸಿದರು. ಸದಾ ಜ್ವರ ಬಂದವರ ಹಾಗೆ ಪ್ರತಿ ಸ್ವರಕ್ಕೂ ನಡುಗುವವರನ್ನು ಅದರಲ್ಲಿ ಬೈದಿದ್ದಾರೆ.

ಶ್ರುತಿಯ ಬಗ್ಗೆ ಮಾತ್ರ ನಮ್ಮವರು ಯಾರೂ ದೂರಬಾರದು ಅಂತ ನನ್ನ ಅಭಿಪ್ರಾಯ. ಇವತ್ತಿನ ಪಾಶ್ಚಾತ್ಯ ಸಂಗೀತದಲ್ಲಿ ಶ್ರುತಿ ಕೂಡಿಸುವ ಎ ಸ್ವರ ಅಂದರೆ 440 ಹರ್ಟ್ಸ್, ಸೆಕೆಂಡಿಗೆ 440 ಕಂಪನ. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಒಪ್ಪಿಕೊಂಡಿದ್ದು ಅದು. 1859ರಲ್ಲಿ ಫ್ರಾನ್ಸ್ ಸರ್ಕಾರ 435 ಅಂದಿತ್ತು. ಅದಕ್ಕೆ ಮೊದಲು ಊರಿಗೊಂದು ಶ್ರುತಿ. ಒಂದೇ ಊರಿನಲ್ಲಿ ಇಗರ್ಜಿಗೊಂದು, ಅರಮನೆಗೊಂದು ಇರುತ್ತಿದ್ದದ್ದೂ ಉಂಟು. ಈಗ ಹಳೆಯ ವಾದ್ಯದವರು ಹೈಡನ್‌ಗಿಂತ ಹಿಂದಿನ ಬಾಖ್ ಕಾಲದ ಸಂಗೀತಕ್ಕೆ ಸಾಮಾನ್ಯವಾಗಿ 415 ಇಟ್ಟುಕೊಳ್ಳುತ್ತಾರೆ. ಅದು ಹಾರ್ಮೋನಿಯಂನಲ್ಲಿ ಸರಿಯಾಗಿ ಒಂದು ಮನೆ ಕೆಳಗೆ. ಹೈಡನ್‌ಗೆ, ಮೊಜಾರ್ಟ್‌ಗೆ 430. ಅದು ಒಂದು ಮನೆಯಲ್ಲಿ ಅರ್ಧಕ್ಕೂ ಕಡಿಮೆ. ಹಾರ್ಮೋನಿಯಂನ ಕಪ್ಪು ಎರಡರಲ್ಲಿ ಹಾಡುವವರನ್ನು, ಬಿಳಿ ಐದರಲ್ಲಿ ಹಾಡುವವರನ್ನು ಕೇಳಿ ಬೆಳೆದ ನಾವು, ಸಾ ಇಂಥಲ್ಲೇ ಇರಬೇಕು ಅಂತ ಹಟ ಹಿಡಿಯುವುದು ಸರಿಯಾ? ಇಳಿಸಿದ್ದಕ್ಕೆ ಕಾರಣವೂ ಇದೆ. ತಂತಿ ಸ್ವಲ್ಪ ಸಡಿಲವಾದಾಗ ನರಕ್ಕೆ ಉಸಿರು ಬರುತ್ತದೆ, ಹಲಗೆ ಬಿಡುವಾಗಿ ಅದುರುತ್ತದೆ. ಕಂಪ್ಯೂಟರಿನಲ್ಲಿ ಎಳೆದು 440ಕ್ಕೆ ಏರಿಸಿದರೆ ಸಂಖ್ಯೆ ಏರುತ್ತದೆ. ಆದರೆ ಆ ಮರ ಆ ಶ್ರುತಿಯಲ್ಲಿ ಹಾಗೆ ಅದುರಿರಲೇ ಇಲ್ಲ.

ಗೋವಾದ ಮಾತಿಗೆ ಮತ್ತೆ ಬರುತ್ತೇನೆ. ನಾನು ಇಟ್ಟಿದ್ದು ಎರಡೇ ಮೈಕು. ಎರಡರ ನಡುವೆ ಒಂದೂವರೆ ಗೇಣು ದೂರ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ನಾಲ್ವರಿಂದ ಆರೇಳು ಹೆಜ್ಜೆ ಹಿಂದೆ. ವಾದ್ಯಕ್ಕೊಂದು ಮೈಕ್ ಅಂಟಿಸಿ ಆಮೇಲೆ ಕಲಸುವುದು ಸುಲಭ. ಆದರೆ ಆಗ ನಾಲ್ಕು ವಾದ್ಯ ಸಿಗುತ್ತವೆ, ಕೋಣೆ ಸಿಗುವುದಿಲ್ಲ. ಒಂದು ವಾದ್ಯ ಜೋರಾಯಿತು ಅನ್ನಿಸಿದರೆ ನಾನು ಬಟನ್ ತಿರುಗಿಸಲಿಲ್ಲ, ಆ ಕುರ್ಚಿಯನ್ನು ಅರ್ಧ ಅಡಿ ಹಿಂದೆ ಸರಿಸಿದೆ. ಚೆಲ್ಲೋದವರು ವಾದ್ಯದ ಕೆಳಗಿನ ಕಬ್ಬಿಣದ ಮೊಳೆಯನ್ನು ನೆಲಕ್ಕೆ ಊರುವುದಿಲ್ಲ, ಹಳೆಯ ಕಾಲದ ಹಾಗೆ ಮೀನಖಂಡಗಳ ನಡುವೆ ಹಿಡಿದುಕೊಳ್ಳುತ್ತಾರೆ. ಅವರಿಗೆ ಕೂರಲು ಸರಿಯಾದ ಕುರ್ಚಿ ಹುಡುಕುವುದಕ್ಕೇ ಒಂದು ಗಂಟೆ ಹೋಯಿತು. ಮನೆಯಲ್ಲಿದ್ದ ಎಲ್ಲ ಕುರ್ಚಿಗಳೂ ಕಿರುಗುಟ್ಟುತ್ತಿದ್ದವು. ಕೊನೆಗೆ ಅಡುಗೆಮನೆಯ ಸ್ಟೂಲ್ ಸರಿಹೋಯಿತು.

ಮೂರನೇ ರಾತ್ರಿ ಒಂದು ಕ್ವಾರ್ಟೆಟ್ಟಿನ ಕೊನೆಯ ಭಾಗ ನುಡಿಸಿದರು. ಆರರಲ್ಲಿ ಎರಡನೆಯದು. ಗೊತ್ತಿರುವವರಿಗೆ ಗೊತ್ತು, ಅದರ ಮುಗಿತಾಯ ವಿಚಿತ್ರ. ಓಡುವ ಒಂದು ಪುಟ್ಟ ರಾಗ. ಕೊನೆಗೆ ಬರುತ್ತಾ ಹೈಡನ್ ಅದನ್ನು ತುಂಡು ಮಾಡುತ್ತಾರೆ. ಒಂದು ತುಣುಕು, ಮೌನ. ಇನ್ನೊಂದು ತುಣುಕು, ಮೌನ. ಮುಗಿಯಿತು ಅಂದುಕೊಳ್ಳುತ್ತೇವೆ. ಇನ್ನೂ ಉದ್ದದ ಮೌನ. ಆಮೇಲೆ ಮೊದಲ ತುಣುಕು ಮತ್ತೊಮ್ಮೆ, ತೀರಾ ಮೆತ್ತಗೆ. ಅಷ್ಟೇ, ಮುಗಿಯುತ್ತದೆ. ಮುಗಿಯಿತೋ ಇಲ್ಲವೋ ಅಂತ ಕೇಳುವವರು ಒಬ್ಬರ ಮುಖ ಒಬ್ಬರು ನೋಡಬೇಕು.

ಆ ಮೌನಗಳಲ್ಲಿ ನನ್ನ ಹೆಡ್‌ಫೋನಿಗೆ ಏನು ಬಂತು ಅಂತ ಹೇಳುತ್ತೇನೆ. ಸ್ವರ ತಾರಸಿಗೆ ಹೋಗಿ ಇಳಿಯುವುದು. ನಾಲ್ಕು ಕಮಾನುಗಳು ಗಾಳಿಯಲ್ಲಿ ನಿಂತಿರುವುದು, ಅದೂ ಕೇಳಿಸುತ್ತದೆ, ಬಟ್ಟೆಯ ಸಣ್ಣ ಸರಸರ. ಹೊರಗೆ ತೋಟದಲ್ಲಿ ಜೀರುಂಡೆ, ತುಂಬಾ ದೂರದಲ್ಲಿ. ಯಾರೋ ಉಸಿರು ಬಿಗಿಹಿಡಿದದ್ದು. ನಾನೂ ಹಿಡಿದಿದ್ದೆ. ಮೂವತ್ತು ವರ್ಷದ ಕೆಲಸದಲ್ಲಿ ನಾನು ರೆಕಾರ್ಡ್ ಮಾಡಿದ ಅತ್ಯಂತ ಒಳ್ಳೆಯ ಅರ್ಧ ನಿಮಿಷ ಅದು. ಅದರಲ್ಲಿ ಹೆಚ್ಚು ಪಾಲು ಮೌನ.

ಫೈಲ್‌ಗಳನ್ನು ಹಣ ಹಾಕಿದ ಸಂಸ್ಥೆಗೆ ಕಳಿಸಿದೆ. ಎರಡು ತಿಂಗಳ ಮೇಲೆ ಮುಗಿದ ಪ್ರತಿ ಬಂತು. ಮುಲುಂಡಿನ ನನ್ನ ಮನೆಯಲ್ಲಿ ಸಂಜೆ ಕೂತು ಕೇಳಿದೆ. ಶ್ರುತಿ 440 ಆಗಿತ್ತು. ಕರಕರ ಹೋಗಿತ್ತು. ಉಸಿರು ಹೋಗಿತ್ತು. ನಡುಮನೆಯ ಮೇಲೆ ಯಾವುದೋ ದೊಡ್ಡ ಹಾಲ್‌ನ ಗುಂಯ್‌ಗುಡುವಿಕೆ ಹಚ್ಚಿದ್ದರು. ಕೊನೆಯ ಭಾಗಕ್ಕೆ ಬಂದಾಗ ಕೈಕಾಲು ತಣ್ಣಗಾಯಿತು. ಆ ಮೌನಗಳನ್ನೆಲ್ಲ ಸೊನ್ನೆ ಮಾಡಿದ್ದರು. ಜೀರುಂಡೆ ಇಲ್ಲ, ತಾರಸಿ ಇಲ್ಲ, ಮನುಷ್ಯರೇ ಇಲ್ಲ. ಪ್ಲಗ್ ಕಿತ್ತ ಹಾಗೆ. ಒಂದು ತುಣುಕು, ಪ್ಲಗ್ ಕಿತ್ತಂಥ ನಿಶ್ಶಬ್ದ. ಇನ್ನೊಂದು ತುಣುಕು, ಮತ್ತೆ ಅದೇ. ಸ್ಪೀಕರ್ ಕೆಟ್ಟಿದೆಯಾ ಅಂತ ಒಳಗಿನಿಂದ ನನ್ನ ಮನೆಯವರು ಕೇಳಿದರು.

ಚೆಲ್ಲೋದವರು ಮಾರನೇ ದಿನ ಫೋನ್ ಮಾಡಿದರು. ಇದು ನಾವಲ್ಲ ಅಂದರು. ಜಾಸ್ತಿ ಏನೂ ಹೇಳಲಿಲ್ಲ. ಸಂಸ್ಥೆಯವರಿಗೆ ನಾನು ಮೂರು ಸಲ ಬರೆದೆ. ಕೇಳುವವರಿಗೆ ತೊಂದರೆಯಾಗಬಾರದು ಅಂತ ಮಾಡಿದ್ದೇವೆ ಅನ್ನುವುದೇ ಉತ್ತರ. ಹೊದಿಕೆಯಿಂದ ನನ್ನ ಹೆಸರು ತೆಗೆಯಲು ಹೇಳಿದೆ, ತೆಗೆದರು. ಈಗ ಡೊಂಬಿವಲಿಯ ಓದುಗರ ಪತ್ರ ಓದಿದಾಗ ನನಗೆ ಅನ್ನಿಸಿದ್ದು ಇದು: ಅವರ ಸಿ.ಡಿ. ಮಾಡಿದವರಿಗೆ ಧೈರ್ಯ ಇತ್ತು. ಅವರು ಏನನ್ನೂ ಕೀಳದೆ ಬಿಟ್ಟಿದ್ದಾರೆ.

ಇಂಥ ವಾದನ ಎಲ್ಲಿಂದಲೋ ಎದ್ದುಬಂದ ಹೊಸ ಗೀಳಲ್ಲ ಅಂತಲೂ ಹೇಳಬೇಕು. ವಿಯೆನ್ನಾದಲ್ಲಿ ಚೆಲ್ಲೋ ನುಡಿಸುತ್ತಿದ್ದ ಹಾರ್ನನ್‌ಕೂರ್ ಅನ್ನುವವರು ಹೆಂಡತಿ, ಗೆಳೆಯರನ್ನು ಸೇರಿಸಿ 1953ರಲ್ಲಿ ಹಳೆಯ ವಾದ್ಯಗಳ ತಂಡ ಕಟ್ಟಿದರು. ನಾಲ್ಕು ವರ್ಷ ಬರೀ ಅಭ್ಯಾಸ, 1957ರಲ್ಲಿ ಮೊದಲ ಕಛೇರಿ. ಹಳೆಯ ತಂತಿ, ಹಳೆಯ ಕಮಾನು ಹೇಗೆ ಮಾತಾಡುತ್ತವೆ ಅಂತ ಕಲಿಯಲು ಅಷ್ಟು ದಿನ ಬೇಕಾಯಿತು. ಅದೇ ತಂಡದಿಂದ ಬಂದವರು 1980ರ ದಶಕದಲ್ಲಿ ಮೊಸಾಯಿಕ್ ಕ್ವಾರ್ಟೆಟ್ ಕಟ್ಟಿ ನರದ ತಂತಿಯಲ್ಲಿ ಹೈಡನ್ ರೆಕಾರ್ಡ್ ಮಾಡಿದರು. ಅದನ್ನು ಒಮ್ಮೆ ಕೇಳಿ ನೋಡಿ.

ಇದರಲ್ಲಿ ಕನ್ನಡಿಗರಿಗೆ ಏನು ಅಂತ ಕೆಲವರು ಕೇಳಬಹುದು. 1940ರ ದಶಕದ ಕೊನೆಯಲ್ಲಿ ರಷ್ಯಾ ಮೂಲದ ಸಂಗೀತ ರಚನಕಾರ, ಪಿಯಾನೋ ವಾದಕ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನ ಕಳೆಯುತ್ತಿದ್ದರು. ಅವರ ಸಂಗೀತವನ್ನು ಅವರ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಮೈಸೂರಿನ ಹಣ ಹೋಗದಿದ್ದರೆ ಆ ಬೆರಳುಗಳ ಸದ್ದು ಇವತ್ತು ಹೀಗೆ ನಮಗೆ ಸಿಗುತ್ತಿತ್ತಾ? ರೆಕಾರ್ಡಿಂಗ್ ಅಂದರೆ ಏನನ್ನು ಕಾಪಾಡುವುದು ಅಂತ ಆ ಅರಸರಿಗೆ ಗೊತ್ತಿತ್ತು.

ಇನ್ನೊಂದು, ಇದು ಮನೆಯ ಹತ್ತಿರದ ಮಾತು. ಲಾಕ್‌ಡೌನ್ ಕಾಲದಲ್ಲಿ ಮುಂಬೈಯ ನಮ್ಮ ಎಷ್ಟೋ ಮಕ್ಕಳು ಧಾರವಾಡದ, ಪುಣೆಯ ಗುರುಗಳ ಹತ್ತಿರ ಝೂಮ್‌ನಲ್ಲಿ ಸಂಗೀತ ಕಲಿತರು. ಗುರುಗಳು ತಂಬೂರಿ ಹಚ್ಚಿದರೆ ಈ ಕಡೆ ಅದು ಬಂದು ಬಂದು ಮಾಯವಾಗುತ್ತಿತ್ತು, ನೆನಪಿದೆಯಾ? ಒಂದೇ ಸಮನೆ ಬರುವ ಸದ್ದನ್ನು ಆ ಆ್ಯಪ್ ಫ್ಯಾನಿನ ಸದ್ದು ಅಂತ ತಿಳಿದು ಅಳಿಸುತ್ತದೆ. ಅದರಲ್ಲಿ ಒರಿಜಿನಲ್ ಸೌಂಡ್ ಅನ್ನುವ ಬಟನ್ ಇದೆ, ಒತ್ತಿದರೆ ತಂಬೂರಿ ಬರುತ್ತದೆ. ನಮ್ಮ ಅಪ್ಪನ ಮಿರಜದ ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ದಾರದ ಎಳೆ ಸರಿಸುವುದು ಚಿಕ್ಕವಳಿದ್ದಾಗ ನನ್ನ ಕೆಲಸ. ಒಂದು ಕೂದಲಷ್ಟು ಸರಿದರೆ ಝೇಂಕಾರ ತೆರೆದುಕೊಳ್ಳುತ್ತಿತ್ತು. ಆ ಝೇಂಕಾರವನ್ನು ಒಂದು ಯಂತ್ರ ಕಸ ಅಂದುಕೊಂಡು ಗುಡಿಸುತ್ತದೆ ಅಂದರೆ ಹೊಟ್ಟೆ ಉರಿಯುತ್ತದೆ. ನಮ್ಮ ಸಂಘಗಳಲ್ಲಿ ಈಗ ಅಜ್ಜಿಯರ ಸೋಬಾನೆ ಪದ, ತತ್ವಪದ ಎಲ್ಲ ರೆಕಾರ್ಡ್ ಮಾಡುತ್ತಿದ್ದಾರೆ, ತುಂಬಾ ಸಂತೋಷ. ದಯವಿಟ್ಟು ಮೂಲ ಫೈಲನ್ನು ಮುಟ್ಟದೆ ಒಂದು ಕಡೆ ಇಟ್ಟುಕೊಳ್ಳಿ. ಸ್ವಚ್ಛ ಮಾಡುವುದಿದ್ದರೆ ಅದರ ನಕಲಿನ ಮೇಲೆ ಮಾಡಿ. ಬಳೆಯ ಸದ್ದು ಇರಲಿ. ಅಜ್ಜಿ ನಡುವೆ ಕೆಮ್ಮಿದ್ದೂ ಇರಲಿ.

ಗೋವಾದ ಮೂಲ ಫೈಲುಗಳು ನನ್ನ ಹತ್ತಿರ ಎರಡು ಹಾರ್ಡ್ ಡಿಸ್ಕಿನಲ್ಲಿ ಇವೆ. ವಾದಕರ ಒಪ್ಪಿಗೆ ಪಡೆದು ಹಾವೇರಿಯ ಹುಡುಗನಿಗೂ ಒಂದು ಪೆನ್‌ಡ್ರೈವ್ ಕೊಟ್ಟಿದ್ದೇನೆ.

ಕೊನೆಯದಾಗಿ ಡೊಂಬಿವಲಿಯ ಓದುಗರಿಗೆ ಒಂದು ವಿನಂತಿ. ಆ ಸಿ.ಡಿ.ಯನ್ನು ಮಗನಿಗೆ ವಾಪಸ್ ಕೊಡಬೇಡಿ. ರಾತ್ರಿ ಹನ್ನೊಂದರ ಮೇಲೆ, ಲೋಕಲ್ ಟ್ರೇನಿನ ಓಡಾಟ ಕಡಿಮೆಯಾದ ಹೊತ್ತಿಗೆ ಹಾಕಿ. ಫ್ಯಾನ್ ಆರಿಸಿ. ವಾಲ್ಯೂಮ್ ಕಮ್ಮಿ ಇಡಿ, ಕೋಣೆಯ ಆ ಮೂಲೆಯಲ್ಲಿ ಯಾರೋ ಕೂತು ಮಾತಾಡಿದಷ್ಟೇ. ನರದ ತಂತಿ ಅಷ್ಟೇ ಜೋರು. ಸಿನಿಮಾ ಹಾಡಿನ ವಾಲ್ಯೂಮಿನಲ್ಲಿ ಹಾಕಿದರೆ ಕರಕರ ಮೈಮೇಲೆ ಬರುತ್ತದೆ, ಅದು ನಿಜ. ಎರಡನೇ ಕ್ವಾರ್ಟೆಟ್ಟಿನ ಮೂರನೇ ಭಾಗದಿಂದ ಶುರುಮಾಡಿ. ಅಲ್ಲಿ ಮೊದಲು ವಿಯೋಲಾ, ಚೆಲ್ಲೋ ಎರಡೇ ಇರುತ್ತವೆ. ಅದು ಮುಗಿದ ಮೇಲೆ ಕೊನೆಯ ಭಾಗ ತಾನಾಗೇ ಬರುತ್ತದೆ. ಮೌನಗಳು ಬಂದಾಗ ಎದ್ದುಹೋಗಬೇಡಿ, ಇನ್ನೂ ಮುಗಿದಿರುವುದಿಲ್ಲ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ಮುಲುಂಡ್, ಮುಂಬೈ